ಎಡಗಡೆ, ಕೆಳಗಿನ ಮೂಲೆ

"ಇಲ್ಲಿ ಎಂಟರ್ ಒತ್ತಿದ್ದು ನೀವೇನಾ?"

ದಿನದ ಮೊದಲ ಫೈಲು ತೆರೆದು, ಹೆಡ್‌ಫೋನು ಕಿವಿಗೆ ಏರಿಸುತ್ತಿದ್ದ ಚುಕ್ಕಿಯ ಕೈ ಅಲ್ಲೇ ನಿಂತಿತು.

ಮೇಜಿನ ಪಕ್ಕದಲ್ಲಿ ಅವನು ನಿಂತಿದ್ದ. ಕೈಯಲ್ಲಿ ಒಂದು ಹಾಳೆ. ಹಾಳೆಯ ತುಂಬ ಕೆಂಪು ಗೆರೆಗಳು... ಒಂದಲ್ಲ, ಎರಡಲ್ಲ!

ಆಫೀಸಿನಲ್ಲಿ ಅವನಿಗೆ ರಿಪೇರಿ ಎಂದೇ ಹೆಸರು. ಅಲ್ಲಿನವರೆಲ್ಲ ಫೈಲು ತಿದ್ದಲು ಬಳಸುವ ಎಡಿಟರ್ ಅವನೇ ಬರೆದ ಸಾಫ್ಟ್‌ವೇರ್. ಅದು ಎಲ್ಲಾದರೂ ಕೈಕೊಟ್ಟರೆ ಯಾರೋ "ರಿಪೇರಿಯವರೇ!" ಎಂದು ಕೂಗುತ್ತಿದ್ದರು, ಅವನು ಬಂದು, ತುಟಿ ಪಿಟಕ್ಕೆನ್ನದೆ ಸರಿಮಾಡಿ ಹೋಗುತ್ತಿದ್ದ. ಎರಡು ವರ್ಷದಲ್ಲಿ ಚುಕ್ಕಿಯ ಜೊತೆ ಅವನು ಆಡಿದ ಮೊದಲ ಪೂರ್ತಿ ಮಾತು ಇದು. ಅದೂ ಎಂಥಾ ಮಾತು!

"ಯಾವ ಎಂಟರ್?" ಎಂದಳು ಚುಕ್ಕಿ. ಧ್ವನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ಹಾಳೆಯತ್ತ ಹೋಗಲಿಲ್ಲ.

"ಉಗ್ರಾಣದ ಕಾವಲುಗಾರನ ವಿಚಾರಣೆ. 'ನಾನು ಬಾಗಿಲು ಹಾಕಿಕೊಂಡೇ ಹೋದೆ, ವಾಪಸ್ ಬಂದಾಗ ತೆರೆದಿತ್ತು' ಅಂತ ಅವನು ಹೇಳಿದ್ದು. ಮಧ್ಯದಲ್ಲಿ ಎಂಟರ್ ಬಿದ್ದಿದೆ. ಅರ್ಧ ಮಾತು ವಕೀಲರ ಹೆಸರಿಗೆ ಹೋಗಿದೆ."

ಆ ಆಫೀಸಿನ ಕೆಲಸವೇ ಅಂಥದ್ದು. ವಿಚಾರಣೆಗಳಲ್ಲಿ ಜನ ಆಡಿದ ಮಾತನ್ನು ಕೇಳಿ ಅಕ್ಷರಕ್ಕೆ ಇಳಿಸುವುದು. ಟೈಪಿಸ್ಟರು ಬರೆಯುತ್ತಾರೆ, ಚುಕ್ಕಿಯಂಥವರು ಧ್ವನಿ ಕೇಳುತ್ತಾ ತಿದ್ದುತ್ತಾರೆ. ನಿಯಮ ಒಂದೇ: ಒಬ್ಬರ ಮಾತಿಗೆ ಒಂದೇ ಸಾಲು. ಅವರು ಹತ್ತು ನಿಮಿಷ ಎಡೆಬಿಡದೆ ಮಾತಾಡಿದರೂ ಸಾಲು ಒಂದೇ. ಎಂಟರ್ ಒತ್ತಿದರೆ ಮುಗಿಯಿತು, ಯಾರ ಮಾತು ಯಾವುದೆಂದು ಆಮೇಲೆ ವಿಂಗಡಿಸುವ ಯಂತ್ರ ಅದನ್ನು ಬೇರೊಬ್ಬರ ಮಾತು ಎಂದುಕೊಳ್ಳುತ್ತದೆ.

"ಕೈ ತಪ್ಪಿರಬೇಕು," ಎಂದಳು.

"ಕೈ ತಪ್ಪಿದ್ರೆ ಒಂದ್ಸಲ ತಪ್ಪುತ್ತೆ." ಅವನು ಹಾಳೆ ನೋಡಿದ. "ಈ ತಿಂಗಳು ಹನ್ನೊಂದು ಸಲ. ಎಲ್ಲಾ ಉದ್ದ ಸಾಲಿನ ನಡುವೆಯೇ. ಅದಕ್ಕೇ ಕೇಳ್ದೆ..."

ಹನ್ನೊಂದು! ಹೆದರಿದ ಮನುಷ್ಯರು ಮಾಡುವ ಕೆಲಸವನ್ನೇ ಚುಕ್ಕಿಯೂ ಮಾಡಿದಳು. ರೇಗಿದಳು!

"ನಾವು ಯಾವ ಕೀ ಎಷ್ಟು ಸಲ ಒತ್ತಿದ್ವಿ ಅಂತ ಎಣಿಸ್ತಾ ಕೂತಿರ್ತೀರಾ? ಎಷ್ಟು ಸಲ ನೀರು ಕುಡಿದ್ವಿ, ಎಷ್ಟು ಸಲ ಸೀನಿದ್ವಿ, ಅದನ್ನೂ ಬರ್ಕೊಂಡಿದ್ದೀರಾ ಆ ಹಾಳೆಯಲ್ಲಿ?"

ಪಕ್ಕದ ಮೇಜುಗಳಿಂದ ಮುಖಗಳು ತಿರುಗಿದವು. ರಿಪೇರಿಯ ಕಿವಿಯ ತುದಿ ಕೆಂಪಾಯಿತು. ಹಾಳೆಯನ್ನು ಎರಡಾಗಿ ಮಡಚಿಕೊಂಡು ಹೊರಟೇಹೋದ.

ಗೆದ್ದೆ ಎಂದು ಚುಕ್ಕಿಗೆ ಅನಿಸಬೇಕಿತ್ತು. ಅನಿಸಲಿಲ್ಲ.

*

ನಿಜ ಹೇಳಬೇಕೆಂದರೆ, ಆ ಹನ್ನೊಂದೂ ಅವಳದೇ.

ಚುಕ್ಕಿಯ ಕಣ್ಣು ಮಂದವಾಗುತ್ತಿತ್ತು. ಬಲಗಣ್ಣಿನಲ್ಲಿ ಮಬ್ಬು ಆಗಲೇ ದಟ್ಟವಾಗಿತ್ತು, ಎಡಗಣ್ಣು ಇನ್ನೂ ಹಿಡಿದುಕೊಂಡಿತ್ತು. ನಿಧಾನಕ್ಕೆ ಹೋಗುತ್ತದೆ, ಎಷ್ಟೋ ವರ್ಷ ಓದಬಹುದು, ಅಕ್ಷರ ದೊಡ್ಡದಿರಬೇಕು ಅಷ್ಟೇ ಎಂದಿದ್ದರು ಕಣ್ಣಿನ ಡಾಕ್ಟರು. ಹಾಗಾಗಿ ಅವಳು ಪರದೆಯ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಿಕೊಂಡಿದ್ದಳು.

ಆದರೆ ಅಕ್ಷರ ದೊಡ್ಡದಾದರೆ ಸಾಲು ಪರದೆಯಲ್ಲಿ ಹಿಡಿಸುವುದಿಲ್ಲ. ನಾಲ್ಕು ಪದ ಕಾಣುತ್ತದೆ, ಉಳಿದದ್ದು ಬಲಗಡೆ ಹೊರಗೆ ಓಡುತ್ತದೆ. ಎಳೆದುಕೊಂಡು ಹೋಗಬೇಕು, ಮತ್ತೆ ಎಳೆದುಕೊಂಡು ಬರಬೇಕು. ಇದಕ್ಕೆ ಮದ್ದು ಇಲ್ಲದೆ ಇರಲಿಲ್ಲ. 'ಉದ್ದ ಸಾಲು ಮಡಚು' ಎಂಬ ಒಂದು ಸೆಟ್ಟಿಂಗ್ ಇತ್ತು. ಅದಕ್ಕೊಂದು ಗುರುತು ಹಾಕಿದರೆ ಸಾಲು ಪರದೆಯ ಅಂಚಿನಲ್ಲಿ ತಾನೇ ಬಾಗಿ ಕೆಳಗೆ ಇಳಿಯುತ್ತದೆ. ಕಣ್ಣಿಗೆ ಮಡಚಿದಂತೆ ಕಾಣುತ್ತದೆ, ಫೈಲಿನಲ್ಲಿ ಸಾಲು ಒಂದೇ ಇರುತ್ತದೆ.

ಆದರೆ ಆ ಸೆಟ್ಟಿಂಗ್ ಇದ್ದದ್ದು ಎಲ್ಲಿ? ಮೆನು ತೆರೆದು, ಆಯ್ಕೆಗಳಿಗೆ ಹೋಗಿ, ಅಲ್ಲಿಂದ ನೋಟ, ಅಲ್ಲಿಂದ ಬರವಣಿಗೆಯ ಜಾಗ, ಅದರೊಳಗೆ ಸಾಲುಗಳು, ಅದರ ಕೊಟ್ಟಕೊನೆಗೆ ಒಂದು ಪುಟ್ಟ ಚೌಕ. ಆರು ಕ್ಲಿಕ್! ಫೈಲು ಮುಚ್ಚಿದರೆ ಎಡಿಟರ್ ಅದನ್ನು ಮರೆತುಬಿಡುತ್ತಿತ್ತು. ದಿನಕ್ಕೆ ಮೂವತ್ತು ನಲವತ್ತು ಫೈಲು. ಅವಸರವಿದ್ದಾಗ ಅವಳು ಅಡ್ಡದಾರಿ ಹಿಡಿಯುತ್ತಿದ್ದಳು: ಸಾಲಿನ ನಡುವೆ ಎಂಟರ್ ಒತ್ತಿ ಓದುವುದು, ಓದಿ ಅಳಿಸುವುದು.

ಹನ್ನೊಂದು ಸಲ ಅಳಿಸಲು ಮರೆತಿದ್ದಳು.

ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ಚುಕ್ಕಿಯ ಅಪ್ಪನನ್ನು ನೀವು ನೋಡಿಲ್ಲ.

ಅಪ್ಪ ಗಡಿಯಾರ ರಿಪೇರಿಯವರು. ಇದೇ ಕಣ್ಣು ಅವರದ್ದೂ. ಗೊತ್ತಾದಾಗ ಅಂಗಡಿಯ ಯಜಮಾನರು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿದರು. "ಬಂದವರನ್ನ ಮಾತಾಡಿಸ್ಕೊಂಡು ಆರಾಮಾಗಿ ಇರಿ," ಎಂದರು. ಮೂವತ್ತು ವರ್ಷ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗು ಹಿಡಿದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡವು. ಎರಡು ವರ್ಷ ಆ ಕುರ್ಚಿಯಲ್ಲಿ ಕೂತು, ಒಂದು ದಿನ ಅಪ್ಪ ಮನೆಗೆ ಬಂದವರು ಮತ್ತೆ ಹೋಗಲಿಲ್ಲ.

ಆ ಕುರ್ಚಿ ಚುಕ್ಕಿಗೆ ಕನಸಿನಲ್ಲೂ ಬರುತ್ತಿತ್ತು.

*

ಮಧ್ಯಾಹ್ನ ಅವನು ಮತ್ತೆ ಬಂದ. ಕೈಯಲ್ಲಿ ಹಾಳೆ ಇರಲಿಲ್ಲ.

"ಬೆಳಿಗ್ಗೆ ಕೇಳಿದ ರೀತಿ ತಪ್ಪು."

"ಕೇಳಿದ್ದೇ ತಪ್ಪು," ಎಂದಳು ಚುಕ್ಕಿ.

"ಆಯ್ತು, ಅದೂ ತಪ್ಪು." ಅವನು ಖಾಲಿ ಕುರ್ಚಿ ಎಳೆದುಕೊಂಡ. "ನೀವು ಹೇಗೆ ಕೆಲಸ ಮಾಡ್ತೀರಿ, ಒಂದ್ಸಲ ತೋರಿಸ್ತೀರಾ? ಇದನ್ನ ಬರೆದವನು ನಾನೇ. ಆದ್ರೆ ಇದರಲ್ಲಿ ಕೂತು ಒಂದು ಫೈಲನ್ನ ಪೂರ್ತಿ ಓದಿದವನಲ್ಲ."

ಇಂಥ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲ. ಅವನು ಕೂರುವಷ್ಟರಲ್ಲಿ ಸರಕ್ಕನೆ ಅಕ್ಷರಗಳನ್ನು ಚಿಕ್ಕದು ಮಾಡಿದಳು. ಈಗ ಪರದೆಯ ಮೇಲೆ ಅವಳಿಗೆ ಕಂಡದ್ದು ಬರೀ ಬೂದು ಗೆರೆ! ಆದರೂ ಬಿಡಲಿಲ್ಲ. ಬೆರಳಿಗೆ ದಾರಿ ಬಾಯಿಪಾಠವಾಗಿತ್ತು. ನೆನಪಿನ ಮೇಲೆಯೇ ಆರೂ ಕ್ಲಿಕ್ ಮಾಡಿ ತೋರಿಸಿದಳು.

"ಆರು," ಎಂದ ಅವನು.

"ಎಂಟು. ಮೆನು ಮುಚ್ಚೋಕೆ ಎರಡು ನೀವು ಲೆಕ್ಕ ಹಿಡೀಲಿಲ್ಲ. ಎಣಿಸೋದ್ರಲ್ಲಿ ಹುಷಾರು ಅಂದ್ಕೊಂಡಿದ್ದೆ!"

ರಿಪೇರಿ ನಕ್ಕ. ಅವನು ನಗುತ್ತಾನೆ ಎಂಬುದೇ ಆಫೀಸಿಗೆ ಹೊಸ ಸುದ್ದಿ. ಆಚೆ ಮೇಜಿನ ದೊಡ್ಡಕ್ಕ ಹೆಡ್‌ಫೋನು ತೆಗೆದು ನೋಡಿದರು. ಅವರು ಅಲ್ಲಿನ ಎಲ್ಲರಿಗಿಂತ ಹಳಬರು, ಎಲ್ಲರಿಗೂ ದೊಡ್ಡಕ್ಕ.

"ಇದನ್ನ ಅಷ್ಟು ಒಳಗೆ ಇಟ್ಟವನು ನಾನೇ," ಎಂದ ಅವನು, ನಗು ಇಳಿದ ಮೇಲೆ. "ಯಾರಿಗೆ ಬೇಕಾಗುತ್ತೆ ಬಿಡು ಅಂದ್ಕೊಂಡು ಇಟ್ಟಿದ್ದೆ."

ಅವನು ಪರದೆ ನೋಡುತ್ತಿರಲಿಲ್ಲ. ಪರದೆಯನ್ನು ನೋಡದೆಯೇ ಕ್ಲಿಕ್ ಮಾಡಿದ ಅವಳ ಬೆರಳುಗಳನ್ನು ನೋಡುತ್ತಿದ್ದ. ಅದು ಅವಳಿಗೆ ಕಾಣಲಿಲ್ಲ.

*

ಮರುದಿನದಿಂದ ಅವನು ದಿನಕ್ಕೊಂದು ಪ್ರಯೋಗ ಹೊತ್ತುಕೊಂಡು ಬರತೊಡಗಿದ. ಅವಳ ಕಂಪ್ಯೂಟರಿನಲ್ಲಿ ಮಾತ್ರ ಹಾಕುತ್ತಿದ್ದ, ಪಕ್ಕದಲ್ಲಿ ಕೂತು ಕಾಯುತ್ತಿದ್ದ.

ಮೊದಲು ಸಾಲು ಮಡಚುವ ಗುಂಡಿ ಪರದೆಯ ಮೇಲ್ಗಡೆ ಬಂತು. "ಅಲ್ಲಿ ಇನ್ನೂ ಇಪ್ಪತ್ತು ಗುಂಡಿ ಇವೆ. ಜಾತ್ರೆಯಲ್ಲಿ ಮಗು ಹುಡುಕಿದ ಹಾಗಾಗುತ್ತೆ," ಎಂದಳು.

ಆಮೇಲೆ ಬಲಗಡೆ ಮೂಲೆಗೆ ಹೋಯಿತು. "ಬಲಗಡೆ ಬೇಡ."

ಯಾಕೆ ಎಂದು ಅವನು ಕೇಳಲಿಲ್ಲ. "ಮತ್ತೆ ಎಲ್ಲಿ?" ಎಂದ ಅಷ್ಟೇ.

"ಎಡಗಡೆ. ಕೆಳಗಿನ ಮೂಲೆ."

ಮರುದಿನ ಗುಂಡಿ ಎಡಗಡೆ ಕೆಳಗಿನ ಮೂಲೆಯಲ್ಲಿತ್ತು. ಅದರ ಮರುದಿನ ಒಂದೇ ಕೀ ಒತ್ತಿದರೂ ಸಾಲು ಮಡಚುವಂತಾಯಿತು. ಅದರ ಮರುದಿನ ಎಡಿಟರ್ ಅದನ್ನು ನೆನಪಿಟ್ಟುಕೊಳ್ಳಲು ಕಲಿಯಿತು. ಫೈಲು ಮುಚ್ಚಿ ತೆರೆದರೂ ಮಡಚಿದ ಸಾಲು ಮಡಚಿಯೇ ಇತ್ತು! ಅವತ್ತು ಚುಕ್ಕಿ ಸಂಜೆಯವರೆಗೆ ಒಂದೇ ಒಂದು ಎಂಟರ್ ಒತ್ತಲಿಲ್ಲ. ಕತ್ತು ನೋಯಲಿಲ್ಲ. ತಲೆ ಸಿಡಿಯಲಿಲ್ಲ.

ಸಂಜೆ ಬಸ್ ಸ್ಟಾಪಿನವರೆಗೆ ಇಬ್ಬರೂ ಒಟ್ಟಿಗೆ ನಡೆದರು. ಅದು ಹೇಗೋ ಅಭ್ಯಾಸವಾಗಿಬಿಟ್ಟಿತ್ತು.

"ಇನ್ನು ಎಲ್ಲರಿಗೂ ಕೊಡ್ತೀರಾ ಇದನ್ನ?"

"ಕೊಡೋಕೆ ಮುಂಚೆ ಕಾರಣ ಅಂತ ಒಂದು ಖಾನೆ ತುಂಬಬೇಕು. ಯಾಕೆ ಬದಲಾಯಿಸಿದ್ವಿ ಅಂತ ಬರೀದೆ ಯಾವ ಬದಲಾವಣೆನೂ ಹೊರಗೆ ಹೋಗಲ್ಲ. ನಾನೇ ಮಾಡಿದ ನಿಯಮ." ಅವನು ನಿಂತ. "ಏನು ಬರೀಲಿ?"

ಕೇಳುತ್ತಿದ್ದಾನಾ? ಗೊತ್ತಿದ್ದೂ ಕೇಳುತ್ತಿದ್ದಾನಾ? ಚುಕ್ಕಿ ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದಳು.

"ಏನಾದ್ರೂ ಬರೀರಿ."

"ಏನಾದ್ರೂ ಬರೆಯೋಕೆ ನನಗೆ ಬರಲ್ಲ."

ಬಸ್ಸು ಬಂತು. ಹೇಳಿಬಿಡಲೇ... ಇವತ್ತೇ ಹೇಳಿಬಿಡಲೇ... ಎಂದುಕೊಳ್ಳುತ್ತಲೇ ಅವಳು ಹತ್ತಿದಳು. ಹೇಳಿದರೆ ಅವನ ಕಣ್ಣುಗಳಲ್ಲಿ ಇರುವುದು ಏನಾಗಿಬಿಡಬಹುದು? ಅಯ್ಯೋ ಪಾಪ ಎಂಬುದಾಗಿಬಿಟ್ಟರೆ? ಪ್ರೀತಿಯಿಂದ ನೋಡಿದವರು ಕನಿಕರದಿಂದ ನೋಡುವುದನ್ನು ಅವಳು ತಡೆದುಕೊಳ್ಳಲಾರಳು.

ಹೌದು, ಪ್ರೀತಿ. ಆ ಪದ ಮನಸ್ಸಿಗೆ ಬಂದದ್ದಕ್ಕೆ ಬಸ್ಸಿನಲ್ಲಿ ಅವಳೊಬ್ಬಳೇ ಬೆಚ್ಚಿದಳು.

*

ಆ ಮೊದಲ ಜಗಳವಾದ ಹನ್ನೆರಡನೆಯ ದಿನ ಬೆಳಿಗ್ಗೆ ಚುಕ್ಕಿ ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಏನೋ ತಗುಲಿತು.

ಸಾಲು ಮಡಚುವ ಕೀಯ ಮೇಲೆ ಒಂದು ಹನಿ ಗೋಂದು ಒಣಗಿ ಗಟ್ಟಿಯಾಗಿತ್ತು. ಸಾಸಿವೆ ಕಾಳಿನಷ್ಟು. ನೋಡುವವರಿಗೆ ಕಾಣದು, ಬೆರಳಿಗೆ ಮಾತ್ರ ಸಿಗುತ್ತದೆ.

ಬೆರಳು ಅಲ್ಲೇ ಉಳಿಯಿತು. ಕಣ್ಣು ತುಂಬಿತು... ಮರುಕ್ಷಣವೇ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು.

ಇವನಿಗೆ ಗೊತ್ತಾಗಿದೆ!

"ಚುಕ್ಕೀ, ಮೇಡಂ ಕರೀತಿದ್ದಾರೆ," ಎಂದರು ದೊಡ್ಡಕ್ಕ.

ಮೇಡಂ ಕೆಟ್ಟವರಲ್ಲ. ಅವರ ಧ್ವನಿ ಅವತ್ತು ಬೆಣ್ಣೆಯಂತಿತ್ತು. "ಕೂತ್ಕೋಮ್ಮ. ಸೋಮವಾರದಿಂದ ನೀನು ಮುಂದಿನ ಬಾಗಿಲ ಹತ್ತಿರ ಕೂತ್ಕೊ. ಬಂದ ಫೈಲುಗಳನ್ನ ತಗೊಂಡು ಯಾರ್ಯಾರಿಗೆ ಹೋಗಬೇಕೋ ಹಂಚಿಬಿಡು. ಓದೋ ಕೆಲಸ ಇರಲ್ಲ. ನಿನ್ನ ಕಣ್ಣಿಗೂ ಆರಾಮ."

ಬಾಗಿಲ ಹತ್ತಿರ... ಕುರ್ಚಿ... ಆರಾಮ...

ಮೇಡಂ ಮೇಜಿನ ಮೇಲೆ ಒಂದು ಹಾಳೆ ಇತ್ತು. ಎರಡಾಗಿ ಮಡಚಿ ಬಿಡಿಸಿದ ಹಾಳೆ. ಕೆಂಪು ಗೆರೆಗಳು. ಅದರ ಕೆಳಗೆ ಪೆನ್ನಿನಲ್ಲಿ ಇರುವೆ ಸಾಲಿನಂತೆ ಏನೋ ಬರೆದಿತ್ತು. ಅದು ಅವನ ಕೈಬರಹ ಎಂಬಷ್ಟು ಗೊತ್ತಾಯಿತು. ಏನು ಬರೆದಿದೆ ಎಂಬುದು ಅವಳ ಕಣ್ಣಿಗೆ ಎಟುಕಲಿಲ್ಲ.

ಓದಿ ಹೇಳಿ ಎಂದು ಕೇಳಬಹುದಿತ್ತು. ಚುಕ್ಕಿ ಕೇಳಿದವಳಲ್ಲ.

*

ಅವನು ತನ್ನ ಕೋಣೆಯಲ್ಲಿ ವೈರುಗಳ ನಡುವೆ ಕೂತಿದ್ದ. ಅವಳನ್ನು ನೋಡಿ ಮುಖ ಅರಳಿತು. ಅದನ್ನು ನೋಡಿ ಅವಳ ಕೋಪ ಇನ್ನಷ್ಟು ಏರಿತು.

"ಎಣಿಸಿದ್ದು ಸಾಕಾಗಲಿಲ್ಲ ಅಲ್ವಾ? ತಗೊಂಡು ಹೋಗಿ ಒಪ್ಪಿಸಿದ್ರಿ!"

"ಏನು... ಯಾರಿಗೆ?"

"ನಾಟಕ ಬೇಡ! ಮೇಡಂ ಮೇಜಿನ ಮೇಲೆ ನಿಮ್ಮ ಹಾಳೆ ನೋಡಿದೆ. ಕೀ ಮೇಲೆ ಗೋಂದು ಹಚ್ಚಿದ್ರಲ್ಲ, ಕುರುಡಿ ತಡಕಾಡ್ಲಿ ಅಂತಾನಾ?"

ಅವನು ಎದ್ದು ನಿಂತ. ಮುಖದ ಬಣ್ಣವೇ ಇಳಿದಿತ್ತು. "ಆ ಹಾಳೆಯಲ್ಲಿ ನಾನು ಬರೆದದ್ದನ್ನ... ನೀವು ಓದಿದ್ರಾ?"

ಓದಿದ್ರಾ! ಬೇರೆ ಯಾವ ಪ್ರಶ್ನೆಯಾದರೂ ಆಗಬಹುದಿತ್ತು. ಗಾಯದ ಮೇಲೆಯೇ ಬೆರಳಿಟ್ಟಂತಾಯಿತು ಅವಳಿಗೆ.

"ಓದಿದೆ!" ಎಂದಳು. "ಒಂದೊಂದು ಅಕ್ಷರಾನೂ ಓದಿದೆ!"

ಅವನು ಮಾತೇ ಆಡಲಿಲ್ಲ. ಓದಿದ ಮೇಲೂ ಇವಳಿಗೆ ಇಷ್ಟು ಕೋಪವೇ ಎಂದು ನಿಂತಲ್ಲೇ ಕುಸಿದವನಂತೆ ಅವಳನ್ನು ನೋಡಿದ. ಇದು ಚುಕ್ಕಿಗೆ ತಿಳಿಯುವಂತಿರಲಿಲ್ಲ. ಸುಮ್ಮನಿದ್ದಾನೆ ಎಂದರೆ ಒಪ್ಪಿಕೊಂಡ ಎಂದೇ ಅವಳು ಅರ್ಥಮಾಡಿಕೊಂಡಳು.

"ಇನ್ನು ನನ್ನ ಮೇಜಿನ ಹತ್ತಿರ ಬರಬೇಡಿ," ಎಂದವಳೇ ಚೀಲ ತೆಗೆದುಕೊಂಡು ಹೊರಬಿದ್ದಳು.

ಅವನು ಬರಲಿಲ್ಲ. ತಡೆಯಲೂ ಇಲ್ಲ.

*

ಮೂರು ದಿನ ಚುಕ್ಕಿ ಆಫೀಸಿಗೆ ಹೋಗಲಿಲ್ಲ. ಮೈ ಸರಿಯಿಲ್ಲ ಎಂದಳು. ಅಪ್ಪ ನಂಬಿದಂತೆ ನಟಿಸಿದರು.

ಮೂರನೆಯ ದಿನ ಮಧ್ಯಾಹ್ನ ದೊಡ್ಡಕ್ಕನ ಫೋನು ಬಂತು.

"ಏನೇ ಹುಡುಗಿ, ಸತ್ತಿದ್ದೀಯೋ ಬದುಕಿದ್ದೀಯೋ? ಅವನು ನೋಡಿದ್ರೆ ಮೂರು ದಿನದಿಂದ ನೀರು ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಸಿಲ್ಲ."

"ಅವರ ಮಾತು ಬೇಡ ದೊಡ್ಡಕ್ಕ. ನನ್ನ ಕಣ್ಣಿನ ವಿಷಯ ಮೇಡಂಗೆ ಹೇಳಿಬಿಟ್ರು."

ಆ ಕಡೆ ದೊಡ್ಡಕ್ಕ ನಕ್ಕುಬಿಟ್ಟರು.

"ಅದನ್ನ ಯಾರಾದ್ರೂ ಹೇಳಬೇಕೇನೇ? ನಿನ್ನ ಸ್ಕ್ರೀನಿನ ಅಕ್ಷರ ಬಾಗಿಲಲ್ಲಿ ನಿಂತ್ರೆ ಕಾಣುತ್ತೆ! ನೀನು ಯಾರ ವಿಚಾರಣೆ ತಿದ್ದುತಾ ಇದ್ದೀಯ ಅಂತ ನಾನು ನನ್ನ ಕುರ್ಚಿಯಿಂದಲೇ ಓದ್ತೀನಿ. ವರ್ಷದಿಂದ ಎಲ್ಲರಿಗೂ ಗೊತ್ತು. ನೀನಾಗಿ ಹೇಳ್ಲಿ ಅಂತ ಸುಮ್ಮನಿದ್ವಿ."

ಚುಕ್ಕಿ ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತಳು.

ಹೆಬ್ಬೆರಳಿನಷ್ಟು ಅಕ್ಷರ... ಬಾಗಿಲಿನಿಂದ ಕಾಣುವಷ್ಟು... ವರ್ಷವಿಡೀ ಅವಳು ಗುಟ್ಟು ಎಂದು ಬಚ್ಚಿಟ್ಟುಕೊಂಡದ್ದನ್ನು ಇಡೀ ಆಫೀಸು ಕಾಫಿ ಕುಡಿಯುತ್ತಾ ಓದುತ್ತಿತ್ತು! ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

ಅಪ್ಪ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಎಲ್ಲ ಕೇಳಿಸಿಕೊಂಡರು.

"ಆ ಅಂಗಡಿಯಲ್ಲಿ ಗೋಡೆ ಗಡಿಯಾರಗಳೂ ರಿಪೇರಿಗೆ ಬರ್ತಿದ್ವು ಮಗಳೇ," ಎಂದರು. "ದೊಡ್ಡ ಹಲ್ಲಿನ ಚಕ್ರಗಳು. ಅದಕ್ಕೆ ನನ್ನ ಕಣ್ಣು ಇನ್ನೂ ಹತ್ತು ವರ್ಷ ಸಾಕಿತ್ತು. ಕೈಗಡಿಯಾರ ಬೇಡ, ಗೋಡೆ ಗಡಿಯಾರ ನನಗೆ ಕೊಡಿ ಅಂತ ಯಜಮಾನರನ್ನ ಒಂದು ಮಾತು ಕೇಳಿದ್ರೆ ಕೊಡ್ತಿದ್ರು."

"ಯಾಕೆ ಕೇಳಲಿಲ್ಲ ಅಪ್ಪ?"

"ಕೇಳಿದ್ರೆ ಕಣ್ಣು ಹೋಗ್ತಿದೆ ಅಂತ ಒಪ್ಪಿಕೊಂಡ ಹಾಗಾಗುತ್ತಲ್ಲ. ಕಾಣುತ್ತೆ, ಎಲ್ಲಾ ಕಾಣುತ್ತೆ ಅಂತ ಜಂಬ ಹೊಡೆದೆ. ಒಂದು ದಿನ ಕೈಯಲ್ಲಿದ್ದ ಗಡಿಯಾರ ಹಾಳು ಮಾಡಿದೆ. ಆಮೇಲೆ ಕುರ್ಚಿ ಹಾಕಿದ್ರು. ಆ ಕುರ್ಚಿ ಅವರು ಹಾಕಿದ್ದು ಅಂತ ನೀನು ಇಷ್ಟು ದಿನ ಅಂದ್ಕೊಂಡಿದ್ದೀಯ. ಅರ್ಧ ನಾನೇ ಹಾಕ್ಕೊಂಡಿದ್ದು."

ಚುಕ್ಕಿ ಅಪ್ಪನ ಹೆಗಲಿಗೆ ತಲೆಯಿಟ್ಟಳು. ಅಪ್ಪ ಅವಳ ನೆತ್ತಿ ಸವರಿದರು.

"ಆ ಹುಡುಗನ್ನ ಏನಂತ ಕರೀತಾರೆ ಅಂದೆ?"

"ರಿಪೇರಿ."

"ನಮ್ಮ ಕಸುಬಿನವನೇ ಅನ್ನು! ಹೋಗಿ ನೋಡು. ಕೆಡಿಸಿಕೊಂಡು ಬಂದಿರೋದನ್ನ ಸರಿಮಾಡ್ಕೋ."

*

ಸೋಮವಾರ ಬೆಳಿಗ್ಗೆ ಬಾಗಿಲ ಹತ್ತಿರ ಕುರ್ಚಿ ಸಿದ್ಧವಾಗಿತ್ತು. ಹೊಸ ಕುರ್ಚಿ, ಮೆತ್ತಗಿನ ದಿಂಬು ಬೇರೆ. ಚುಕ್ಕಿ ಅದರ ಪಕ್ಕದಲ್ಲೇ ನಡೆದು ನೇರವಾಗಿ ಮೇಡಂ ಕೋಣೆಗೆ ಹೋದಳು.

"ಮೇಡಂ, ನನ್ನ ಕಣ್ಣು ಮಂದ ಆಗ್ತಿದೆ. ಹನ್ನೊಂದು ಎಂಟರ್ ಒತ್ತಿದ್ದು ನಾನೇ. ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು."

ಹೇಳಿದಳು! ಆಕಾಶ ಕಳಚಿ ಬೀಳಲಿಲ್ಲ. ಮೇಡಂ ಕನ್ನಡಕ ಸರಿಮಾಡಿಕೊಂಡರು, ಅಷ್ಟೇ.

"ಆದ್ರೆ ಓದೋಕೆ ಬರಲ್ಲ ಅಂತ ಅಲ್ಲ. ಈಗ ಸಾಲು ಮಡಚೋ ಕೀ ಇದೆ. ಯಾವುದಾದ್ರೂ ಫೈಲು ಕೊಡಿ. ನಿಮ್ಮ ಎದುರಿಗೇ ತಿದ್ದುತೀನಿ. ಆಗಲಿಲ್ಲ ಅಂದ್ರೆ ಆ ಕುರ್ಚಿ ಮೇಲೆ ನಾನೇ ಹೋಗಿ ಕೂರ್ತೀನಿ."

ಮೇಡಂ ಕೊಟ್ಟದ್ದು ಆಗಲೇ ಒಬ್ಬರು ತಿದ್ದಿ ಮುಗಿಸಿದ ಫೈಲು. ಚುಕ್ಕಿ ಮೇಡಂ ಜೊತೆ ತನ್ನ ಮೇಜಿಗೆ ಬಂದು, ಎಲ್ಲರೆದುರು ಅಕ್ಷರಗಳನ್ನು ಹೆಬ್ಬೆರಳಿಗಿಂತಲೂ ದೊಡ್ಡದು ಮಾಡಿದಳು. ಬೆರಳು ಗೋಂದಿನ ಹನಿಯನ್ನು ಹುಡುಕಿತು. ಒತ್ತಿದಳು. ಹೊರಗೆ ಓಡುತ್ತಿದ್ದ ಸಾಲು ಬಾಗಿ ಬಾಗಿ ಕೆಳಗಿಳಿದು ಪರದೆ ತುಂಬ ನಿಂತಿತು.

ಮುಕ್ಕಾಲು ಗಂಟೆ ಕಳೆಯಿತು. ಇನ್ನೊಬ್ಬರು ತಿದ್ದಿ ಮುಗಿಸಿದ್ದ ಆ ಫೈಲಿನಲ್ಲಿ ಅವಳು ಒಂಬತ್ತು ತಪ್ಪು ಹಿಡಿದಳು. ಒಂದೂ ಎಂಟರ್ ಒತ್ತಲಿಲ್ಲ.

ಮೇಡಂ ಪರದೆ ನೋಡಿದರು, ಅವಳನ್ನು ನೋಡಿದರು. "ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಕಣಮ್ಮ," ಎಂದರು ಮೆಲ್ಲಗೆ. "ಅವನು ಎರಡು ವಾರ ಕೇಳಿದ್ದ. ಅಲ್ಲೀವರೆಗೂ ಕಾಯಬೇಕಿತ್ತು ನಾನು."

"ಯಾರು... ಏನು ಕೇಳಿದ್ರು?"

ಮೇಡಂ ತಮ್ಮ ಕೋಣೆಯಿಂದ ಆ ಹಾಳೆ ತಂದು ಅವಳ ಮುಂದಿಟ್ಟರು. ಕೆಂಪು ಗೆರೆ. ಇರುವೆ ಸಾಲು.

ಚುಕ್ಕಿ ಹಾಳೆಯನ್ನು ಕೈಗೆತ್ತಿಕೊಂಡಳು. ಹುಟ್ಟಿದಾಗಿನಿಂದ ಯಾರನ್ನೂ ಕೇಳದ ಮಾತನ್ನು ಕೇಳಿದಳು.

"ನನಗೆ ಇದು ಕಾಣಿಸ್ತಿಲ್ಲ ಮೇಡಂ. ಓದಿ ಹೇಳ್ತೀರಾ?"

ಮೇಡಂ ಓದಿದರು. "'ಈ ಹನ್ನೊಂದು ತಪ್ಪು ತಿದ್ದುವವರದಲ್ಲ, ನನ್ನದು. ಬೇಕಾದ ಸೆಟ್ಟಿಂಗನ್ನು ಕೈಗೆಟುಕದ ಕಡೆ ಇಟ್ಟವನು ನಾನು. ಎರಡು ವಾರ ಕೊಡಿ, ಸರಿಮಾಡುತ್ತೇನೆ. ಅಲ್ಲಿಯವರೆಗೆ ಯಾರನ್ನೂ ಮೇಜಿನಿಂದ ಎಬ್ಬಿಸಬೇಡಿ. ಅಷ್ಟು ಚೆನ್ನಾಗಿ ಕೇಳಿ ತಿದ್ದುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.'"

ಕೆಳಗೆ ದಿನಾಂಕ. ಅವರಿಬ್ಬರೂ ಜಗಳವಾಡಿದ ಮೊದಲ ದಿನದ್ದು!

*

ಅವನು ಕೋಣೆಯಲ್ಲೇ ಇದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದ, ಆದರೆ ಮುಂದೆ ಬರಲಿಲ್ಲ. ಬರಬೇಡಿ ಎಂದಿದ್ದಳಲ್ಲ.

"ಅವತ್ತು ಓದಿದೆ ಅಂದೆನಲ್ಲ," ಎಂದಳು ಚುಕ್ಕಿ. "ಸುಳ್ಳು. ನನಗೆ ಕಾಣಿಸಲಿಲ್ಲ. ಈಗ ಮೇಡಂ ಹತ್ತಿರ ಓದಿಸ್ಕೊಂಡು ಬಂದೆ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ನಾನು... ಓದಿದ ಮೇಲೂ ನಿಮಗೆ ಬೇಜಾರಾಗಿದೆ ಅಂದ್ರೆ, ನಾನು ಬರೆದದ್ದೇ ತಪ್ಪು ಅಂದ್ಕೊಂಡೆ."

"ಒಂದು ತಪ್ಪು ಮಾಡಿದ್ದೀರಿ. ನನ್ನ ಪರವಾಗಿ ಮಾತಾಡೋಕೆ ಮುಂಚೆ ನನ್ನ ಒಂದು ಮಾತು ಕೇಳಬೇಕಿತ್ತು."

"ಹೌದು. ಕೇಳಿದ್ರೆ ನನಗೆ ಗೊತ್ತಿದೆ ಅಂತ ನಿಮಗೆ ಗೊತ್ತಾಗುತ್ತಲ್ಲ... ನೀವು ಮುಚ್ಚಿಟ್ಟದ್ದನ್ನ ನಾನು ಹೇಗೆ ಬಿಚ್ಚಲಿ ಅಂತ... ಇನ್ನು ಕೇಳ್ತೀನಿ. ಪ್ರತಿಯೊಂದಕ್ಕೂ ಕೇಳ್ತೀನಿ."

"ನಾನೂ ಕುರುಡಿ ಗಿರುಡಿ ಅಂತೆಲ್ಲ ಅಂದೆ. ಆ ಗೋಂದಿನ ಹನಿ ಇವತ್ತು ನನ್ನ ಕೈ ಹಿಡೀತು." ಅವಳು ಅವನ ಪರದೆಯತ್ತ ತಿರುಗಿದಳು. "ಆ ಕಾರಣದ ಖಾನೆ ತುಂಬಿದ್ರಾ?"

"ಇಲ್ಲ. ಖಾಲಿ ಬಿಟ್ಟಿದ್ದೀನಿ. ಎಲ್ಲರೂ ಹೊಸದು ಯಾವಾಗ ಕೊಡ್ತೀಯ ಅಂತ ಬೈತಿದ್ದಾರೆ."

"ಸ್ವಲ್ಪ ಪಕ್ಕಕ್ಕೆ ಸರೀರಿ."

ಅವಳು ಅವನ ಕುರ್ಚಿಯಲ್ಲಿ ಕೂತಳು. ಅವನು ಪರದೆಯ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿಕೊಟ್ಟ. ಚುಕ್ಕಿ ನಿಧಾನಕ್ಕೆ ಟೈಪ್ ಮಾಡಿದಳು:

'ಕಾರಣ: ಚುಕ್ಕಿ ಕೇಳಿದಳು. ಕಣ್ಣು ಮಂದ, ಕೆಲಸ ಚುರುಕು.'

ಅವನು ಬಗ್ಗಿ ಓದಿದ. ಅವಳ ಎಡಗಡೆಗೇ ಬಂದು ಬಗ್ಗಿದ್ದ, ಅವಳಿಗೆ ಅವನ ಮುಖ ಚೆನ್ನಾಗಿ ಕಾಣುವ ಕಡೆ. ಆ ಮುಖದಲ್ಲಿ ಅಯ್ಯೋ ಪಾಪ ಎಂಬುದನ್ನು ಅವಳು ಹುಡುಕಿದಳು. ಸಿಗಲಿಲ್ಲ.

"ಇದಕ್ಕೆ ಇನ್ನೊಂದು ಕಾರಣ ಇದೆ," ಎಂದ ಅವನು. ಕಿವಿಯ ತುದಿ ಮತ್ತೆ ಕೆಂಪಾಗಿತ್ತು. "ಅದನ್ನ ಆ ಖಾನೆಯಲ್ಲಿ ಬರೆಯೋಕಾಗಲ್ಲ. ಮೊದಲ ಎರಡು ದಿನ ಗುಂಡಿಗೋಸ್ಕರ ಬರ್ತಿದ್ದೆ. ಆಮೇಲೆ ಗುಂಡಿ ಒಂದು ನೆಪ. ನಿಮ್ಮನ್ನ ಪ್ರೀತಿಸ್ತೀನಿ. ಇದನ್ನೂ ಕೇಳಿಯೇ ಹೇಳಬೇಕಿತ್ತೇನೋ..."

ಚುಕ್ಕಿಯ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ಮುಂದೆ ಇನ್ನೂ ಕಡಿಮೆಯಾಗುತ್ತೆ ಇದು. ಗೊತ್ತಲ್ಲ ನಿಮಗೆ?"

"ಅಕ್ಷರ ಇನ್ನೂ ದೊಡ್ಡದು ಮಾಡೋಣ."

"ಸ್ಕ್ರೀನಿಗೆ ಒಂದೇ ಅಕ್ಷರ ಹಿಡಿಸುವಷ್ಟು ಆಗಿಬಿಟ್ರೆ?"

ಅವನು ಅವಳ ಕೈಯನ್ನು ಹಿಡಿಯಲು ಹೋಗಿ, ನಿಂತು, "ಹಿಡಿದುಕೊಳ್ಳಲಾ?" ಎಂದ. ಅವಳೇ ಹಿಡಿದುಕೊಂಡಳು.

"ಆಗ ಒಂದೊಂದೇ ಅಕ್ಷರ ಓದೋಣ," ಎಂದ ಅವನು. "ನನಗೇನು ಅವಸರ ಇಲ್ಲ."